ಕಡುಬಿಗೆ ಕಿವಿ ಬಂದದ್ದು

ಹಚ್ಚೊಳ್ಳಿಯಲ್ಲೇ ಹುಟ್ಟಿ ಹಚ್ಚೊಳ್ಳಿಗೇ ಸೊಸೆಯಾದ ನಮ್ಮ ಸೋದರತ್ತೆಯ ಕೈಯಡುಗೆ ಉಂಡೂ ನಾನು ಬದುಕಿದ್ದೇನೆ ಎಂದರೆ, ನನ್ನ ಗುಂಡಿಗೆ ಗಟ್ಟಿಯಿದೆ ಎಂದೇ ಅರ್ಥ! ರುಚಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಆ ತಿನಿಸು ಹುಟ್ಟಿದ ಕಥೆ ಕೇಳದೆ ತುತ್ತು ಎತ್ತುವಂತಿಲ್ಲ; ಕೇಳಿದ ಮೇಲೆ ತುತ್ತು ಇಳಿಯುವುದಿಲ್ಲ.

ರೊಟ್ಟಿಯನ್ನೇ ತೆಗೆದುಕೊಳ್ಳಿ. ಬಾದನಹಟ್ಟಿಯ ಹೆಣ್ಣುಮಗಳೊಬ್ಬಳು ಒಲೆಯ ಮುಂದೆ ಬಂದ ದೆವ್ವವನ್ನು ಚಟಚಟ ಬಡಿದು ಚಪ್ಪಟೆ ಮಾಡಿದಳಂತೆ. ಅದೇ ಮೊದಲ ರೊಟ್ಟಿ!

“ಹೆಂಚಿನ ಮ್ಯಾಲೆ ಉಬ್ಬಿತು ನೋಡಲೇ, ಉಸಿರಾಡಾಕತ್ತೈತಿ. ಲಗೂನ ತಿನ್ನು!” ಎಂದು ಅತ್ತೆ ಅವಸರಿಸುತ್ತಿದ್ದಳು.

ಮಾವ ಮಾತ್ರ ನಿಶ್ಚಿಂತರು. “ನನಗ ಇನ್ನೆರಡು ದೆವ್ವ ಹಾಕು,” ಎನ್ನುತ್ತಿದ್ದರು.

ನನಗಾಗ ಏಳು ವರ್ಷವೋ ಒಂಬತ್ತೋ. ನನ್ನ ನೆನಪು ತನಗೆ ಬೇಕಾದಂತೆ ವಯಸ್ಸು ತಿದ್ದಿಕೊಳ್ಳುತ್ತದೆ. ಕರಿಗಡುಬಿನ ಭಯಕ್ಕೆ ಮಾತ್ರ ತಿದ್ದುಪಡಿಯಿಲ್ಲ. ಕಾಲುವೆಗೆ ಇಳಿದ ಹುಡುಗನೊಬ್ಬ ಅಕ್ಕ ಕೂಗಿದ್ದನ್ನು ಕೇಳಿಸಿಕೊಳ್ಳಲಿಲ್ಲವಂತೆ. ಅದಕ್ಕೇ ಅಕ್ಕ ಹಿಟ್ಟಿನಲ್ಲಿ ಅವನಿಗೊಂದು ಕಿವಿ ಮಾಡಿದಳು. ಅದೇ ಕಡುಬು! ಕಿವಿ ಕಚ್ಚಿ ಹೂರಣ ತಿನ್ನುವುದು ಹೇಗೆ, ನೀವೇ ಹೇಳಿ? ಸಾಲದ್ದಕ್ಕೆ, ಅಂಚು ಮಡಿಚುವ ಮುನ್ನ ಅತ್ತೆ ಪ್ರತಿ ಕಡುಬಿನೊಳಗೆ ಏನೋ ಪಿಸುಗುಟ್ಟುತ್ತಿದ್ದಳು. ನಮ್ಮಲ್ಲಿ ಮುಂದೆ ಸಾಯುವವರ ಹೆಸರು ಹೇಳುತ್ತಿದ್ದಾಳೆಂದೇ ಮಕ್ಕಳ ನಂಬಿಕೆ.

“ಯಾವ ಅಕ್ಕ, ಅತ್ತಿ?” ಎಂದರೆ, “ಕಡುಬು ತಿನ್ನಾಕ ಬಂದೀಯೋ, ಪಂಚನಾಮಿ ಮಾಡಾಕೋ?”

ಈ ಸಲದ ಗಣೇಶ ಚೌತಿಗೆ ಬಳ್ಳಾರಿಯಿಂದ ಆರು ವರ್ಷದ ಮಗಳನ್ನು ಕರೆದೊಯ್ದಿದ್ದೆ. ಬೆಳಗಿನಿಂದ ಅತ್ತೆಯ ಮಗ್ಗುಲು ಬಿಡದ ಹುಡುಗಿ ಊಟದ ಹೊತ್ತಿಗೆ ಇಲ್ಲ! ಕಾಲುವೆ ತುಂಬಿ ಹರಿಯುತ್ತಿತ್ತು. ಅತ್ತೆಯ ಕಥೆಗಳನ್ನು ಆಡಿಕೊಂಡು ನಗುತ್ತಿದ್ದ ನಾನು ಬರಿಗಾಲಲ್ಲಿ ಓಡಿದೆ. ನೀರಲ್ಲಿ ತೇಲಿ ಬಂದ ಕಸವೆಲ್ಲ ಅವಳ ಲಂಗವಾಗಿ ಕಂಡಿತು. ಹಿಂದೆಯೇ ಅತ್ತೆ ಕೂಗುತ್ತ ಬರುತ್ತಿದ್ದಳು. ಎಪ್ಪತ್ತು ದಾಟಿದ ಗಂಟಲಲ್ಲ ಅದು, ಹತ್ತು ವರ್ಷದ್ದು.

“ಬರ್ರಿ, ಇಲ್ಲೈತಿ ಕೂಸು!” ಮಾವ ಮನೆಯ ಬಾಗಿಲಿಂದ ಕೂಗಿ ಕರೆದರು.

ಮಗಳು ಭತ್ತದ ಚೀಲಗಳ ಹಿಂದೆ, ಕಿವಿಗೆ ಕಡುಬು ಒತ್ತಿಕೊಂಡು ಕೂತಿದ್ದಳು.

“ಏನಂತೈತವ್ವಾ ನಿನ್ನ ಕಡುಬು?” ಮಾವ ನಗುತ್ತ ಕೇಳಿದರು.

“ಅಜ್ಜಿ ಅದರೊಳಗ ಪಿಸುಗುಟ್ಟಿದ್ದ ಹೇಳ್ತೈತಿ. ‘ಹೊತ್ತಾತು, ಊಟಕ್ಕ ಬಾರಲೇ ತಮ್ಮಾ’ ಅಂತ.”

ಅಪ್ಪನಿಗೂ ಅತ್ತೆಗೂ ಒಬ್ಬ ತಮ್ಮನಿದ್ದ, ಕಾಲುವೆಗೆ ಹೋದವನು ಬರಲಿಲ್ಲ ಎಂದು ಯಾವಾಗಲೋ ಕೇಳಿದ್ದೆ. ನನ್ನ ನೆನಪನ್ನು ನಾನು ನಂಬಿರಲಿಲ್ಲ.

ಅತ್ತೆ ಏದುಸಿರು ಬಿಡುತ್ತಲೇ ನೆಲಕ್ಕೆ ಕೂತಳು. ಮಗಳ ಕೈಯಿಂದ ಕಡುಬು ಇಸಿದುಕೊಂಡಳು. ಸೆರಗಿನಿಂದ ಒರೆಸಿ, ತನ್ನ ಕಿವಿಗಿಟ್ಟುಕೊಂಡಳು.