ಅತ್ತೆಯ ಮುಖಕ್ಕೆ ಇಸ್ತ್ರಿ

ಮನಸ್ಸಿಗೆ ಕಿರಿಕಿರಿಯಾದಾಗ ಕೆಲವರು ದೇವಸ್ಥಾನಕ್ಕೆ ಹೋಗುತ್ತಾರೆ, ಕೆಲವರು ತವರಿಗೆ ಫೋನ್ ಮಾಡುತ್ತಾರೆ. ನಾನು ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಹಾಕುತ್ತೇನೆ. ಸಂಸಾರದಲ್ಲಿ ಹೇಳಿದ ಮಾತು ಕೇಳುವುದು ಬಟ್ಟೆಯೊಂದೇ. ನೀರು ಚಿಮುಕಿಸಿ ಎರಡು ಸಲ ಎಳೆದರೆ ತೆಪ್ಪಗೆ ಮಲಗುತ್ತದೆ, ಎದುರುತ್ತರ ಕೊಡುವುದಿಲ್ಲ. ನಮ್ಮ ಯಜಮಾನರ ಅಂಗಿಗಳಿರಲಿ, ದಿಂಬಿನ ಕವರು, ಕರ್ಚೀಫು, ಕೊನೆಗೆ ಕೈ ಒರೆಸುವ ಬಟ್ಟೆಯನ್ನೂ ನಾನು ಬಿಟ್ಟವಳಲ್ಲ. "ಇವಳಿಗೆ ಬಿಟ್ರೆ ಚಪಾತಿಗೂ ಇಸ್ತ್ರಿ ಹಾಕ್ತಾಳೆ" ಎಂದು ಅವರು ಮನೆಗೆ ಬಂದವರ ಮುಂದೆಲ್ಲ ಹೇಳಿ ನಗುತ್ತಾರೆ. ಇಂಥ ನಾನು ಪೆಟ್ಟಿಗೆ ಹಿಡಿದು ಹಿಂದೆಮುಂದೆ ನೋಡಿದ್ದು ಈ ಬೇಸಿಗೆ ರಜೆಯಲ್ಲಿ.

ಗೌರಿಬಿದನೂರಿನಿಂದ ನನ್ನ ಮೈದುನನ ಮಕ್ಕಳು, ಸಿಂಚನ ಮತ್ತು ಅವಳ ತಮ್ಮ ಚಿರು, ಶಿಡ್ಲಘಟ್ಟದ ನಮ್ಮ ಮನೆಗೆ ಬಂದಿದ್ದರು. ಮಾರನೆಯ ದಿನ ಚಿಂತಾಮಣಿಯಲ್ಲಿ ನಮ್ಮತ್ತೆಯ ತಂಗಿಯ ಮನೆ ಗೃಹಪ್ರವೇಶ. ಅಲ್ಲಿಗೆ ಅಜ್ಜಿಯ ಫೋಟೋ ಇರುವ ಟೀ ಶರ್ಟ್ ಹಾಕಿಕೊಂಡೇ ಹೋಗಬೇಕೆಂದು ಮಕ್ಕಳ ಹಟ. ಅತ್ತೆ ಮೇಲೆ ಮೇಲೆ "ಯಾಕ್ರಪ್ಪಾ ಇದೆಲ್ಲಾ" ಎಂದರೂ ಒಳಗೊಳಗೇ ಆಸೆಪಟ್ಟಿದ್ದು ನನಗೆ ಕಾಣುತ್ತಿತ್ತು. ತಂಗಿ ಮೂರಂತಸ್ತಿನ ಮನೆ ಕಟ್ಟಿಸಿರಬಹುದು, ಆದರೆ ಆಕೆಯ ಮುಖ ಆಕೆಯ ಮೊಮ್ಮಕ್ಕಳ ಎದೆಯ ಮೇಲೇನೂ ಇಲ್ಲವಲ್ಲ!

ಸಿಂಚನ ಕಂಪ್ಯೂಟರಿನ ಮುಂದೆ ಕೂತು ಅಜ್ಜಿಯ ಫೋಟೋ ತಿದ್ದತೊಡಗಿದಳು. ಫೋಟೋದಲ್ಲಿ ಹಿಂದೆ ನೇತಾಡುತ್ತಿದ್ದ, ನಾನು ಒಗೆದ ಬಟ್ಟೆಗಳು ಮಾಯವಾದವು. ಅಜ್ಜಿಯ ಹಣೆಯ, ಕೆನ್ನೆಯ ಸುಕ್ಕುಗಳೂ ಮಾಯವಾದವು. ಅತ್ತೆ ಕನ್ನಡಕ ಏರಿಸಿ ನೋಡಿದರು.

"ಯಾರೇ ಇವ್ಳು? ನಮ್ ತಂಗಿ ಇದ್ದಂಗವ್ಳೆ. ನನ್ ಸುಕ್ಕೆಲ್ಲಾ ಎಲ್ಗೋಯ್ತು? ಮೊದ್ಲು ವಾಪಸ್ ಹಾಕು!"

ಸುಕ್ಕು ವಾಪಸ್ ಬಂತು. ಅಷ್ಟರಲ್ಲಿ ಸಿಂಚನ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದಳು. ಮೂಗುಬೊಟ್ಟು ಆ ಕಡೆಯಿಂದ ಈ ಕಡೆಗೆ ಹಾರಿತು. ಮತ್ತೆ ಗಲಾಟೆ. ಹಾಳೆ ಬೋರಲು ಹಾಕಿ ಬಟ್ಟೆಗೆ ಒತ್ತಿದಾಗ ಅದು ತಾನಾಗಿಯೇ ಸ್ವಸ್ಥಾನಕ್ಕೆ ಬರುತ್ತದೆಂದು ಒಪ್ಪಿಸುವಷ್ಟರಲ್ಲಿ ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿಯಿತು. ನಾನು ಅದನ್ನು ಒರೆಸಿ ಬಂದೆ. ಬಂದು ಕೂತೆ, ಮತ್ತೆ ಎದ್ದೆ. ಯಾಕೆಂದರೆ ಮುಂದಿನ ಕೆಲಸ ನನ್ನದೇ ಎಂದು ಮಕ್ಕಳು ಆಗಲೇ ತೀರ್ಮಾನಿಸಿಬಿಟ್ಟಿದ್ದರು.

ಇಸ್ತ್ರಿಯ ಬಿಸಿಗೆ ಚಿತ್ರವನ್ನು ಬಟ್ಟೆಗೆ ಅಂಟಿಸುವ ವಿಶೇಷ ಹಾಳೆಗಳನ್ನು ನಾನೇ ಅಂಗಡಿಯಿಂದ ತಂದಿದ್ದೆ; ಇದ್ದದ್ದು ಮೂರು. ಮಕ್ಕಳಿಗೆ ಎರಡು, ಕೆಟ್ಟರೆ ಇರಲಿ ಅಂತ ಒಂದು. ಮೂರರ ಮೇಲೂ ಅತ್ತೆಯನ್ನು ಪ್ರಿಂಟ್ ಮಾಡಿದ್ದಾಯಿತು. ಅಡಿಗೆಮನೆಯ ಕಲ್ಲುಕಟ್ಟೆಯ ಮೇಲೆ ಚಿರುವಿನ ಬಿಳಿ ಟೀ ಶರ್ಟ್ ಹಾಸಿ, ಅದರ ಮೇಲೆ ಹಾಳೆಯನ್ನು ಬೋರಲು ಹಾಕಿದೆವು. ಸಿಂಚನ ಪೊಟ್ಟಣದ ಮೇಲಿದ್ದದ್ದನ್ನು ಓದಿ ಹೇಳಿದಳು: "ನೀರು ಹಾಕ್ಬಾರ್ದು ದೊಡ್ಡಮ್ಮಾ. ಎಳೀಲೂಬಾರ್ದು. ಪೂರ್ತಿ ಬಿಸಿ ಇಟ್ಟು, ಮೈಭಾರ ಎಲ್ಲಾ ಹಾಕಿ ಒತ್ತಿ ಹಿಡೀಬೇಕು."

ಹಾಳೆಯ ಕೆಳಗೆ ಅತ್ತೆ. ನನ್ನ ಬೆನ್ನ ಹಿಂದೆ, ಸ್ಟೂಲಿನ ಮೇಲೆ, ಮತ್ತೆ ಅತ್ತೆ.

ಸೀರೆಯ ಭಾಗವನ್ನು ಧೈರ್ಯವಾಗಿಯೇ ಒತ್ತಿದೆ. ಕೈ, ಬಳೆ, ಭುಜ, ಎಲ್ಲವೂ ಸಲೀಸು. ಕುತ್ತಿಗೆಯ ಹತ್ತಿರ ಬರುತ್ತಿದ್ದಂತೆ ಪೆಟ್ಟಿಗೆ ಭಾರವಾಯಿತು. ಮದುವೆಯಾದಾಗಿನಿಂದ ಯಾರ ಮುಖಕ್ಕೆ ಎದುರಾಗಿ ಗಟ್ಟಿಯಾಗಿ ಸೀನಿದವಳೂ ಅಲ್ಲವೋ, ಅವರ ಮುಖದ ಮೇಲೆ ನಿಗಿನಿಗಿ ಕಾದ ಪೆಟ್ಟಿಗೆ ಊರುವುದು ಹೇಗೆ? ಇಟ್ಟೆ, ಎತ್ತಿದೆ. ಮತ್ತೆ ಇಟ್ಟೆ, ಎತ್ತಿದೆ. ತಿರುಗಿ ನೋಡಿದೆ.

"ನನ್ನೇನ್ ನೋಡ್ತೀಯ, ಕೆಲ್ಸ ನೋಡು" ಎಂದರು ಅತ್ತೆ.

"ದೊಡ್ಡಮ್ಮಾ, ಜೋರಾಗ್ ಒತ್ತಿ! ಅಜ್ಜಿ ಮೂತಿ ಇನ್ನೂ ಸರಿಯಾಗಿ ಬಿಸಿಯಾಗಿಲ್ಲ!" ಎಂದು ಚಿರು ಕಿರುಚಿದ. ಹಿತ್ತಲ ಗೋಡೆಯಾಚೆ ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯ ಶಾಹೀನಾ, "ಅಕ್ಕಾ, ಏನಾಯ್ತು ಅಜ್ಜಿಗೆ? ಬರ್ಲಾ?" ಎಂದು ಗಾಬರಿಯಿಂದ ಕೂಗಿದಳು. "ಏನಿಲ್ಲಮ್ಮಾ, ಇಸ್ತ್ರಿ ಮಾಡ್ತಿದೀನಿ" ಎಂದೆ. ಹೇಳಿದ ಮೇಲೆ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಹಾಳೆ ಸುಲಿದಾಗ ಸೀರೆಯ ಅಂಚಿನ ಒಂದೊಂದು ಚೌಕಳಿಯೂ ಟೀ ಶರ್ಟಿನ ಮೇಲೆ ಕೂತಿತ್ತು. ಮುಖ ಮಾತ್ರ ಹಾಳೆಯ ಜೊತೆಗೇ ಎದ್ದು ಬಂತು. ಬಟ್ಟೆಯಲ್ಲಿ ಉಳಿದದ್ದು ಒಂದು ಕಿವಿ, ಅರ್ಧ ಗಲ್ಲ. ಚಿರು ತುಟಿ ಅದುರಿಸಿದ. ಇನ್ನು ಉಳಿದ ಹಾಳೆ ಎರಡೇ, ಮಕ್ಕಳೂ ಇಬ್ಬರು. ಇನ್ನೊಂದು ಕೆಟ್ಟರೆ ನಾಳೆ ಒಬ್ಬರ ಎದೆ ಬರಿದು. ಅತ್ತೆ ತಮ್ಮ ತಲೆಯಿಲ್ಲದ ಚಿತ್ರವನ್ನು ಎತ್ತಿ ಹಿಡಿದು ನೋಡಿದರು. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಾನು ನಿಂತಲ್ಲಿ ನಿಲ್ಲಲಾರದೆ ಕಟ್ಟೆಯನ್ನು ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಅತ್ತೆ ಎದ್ದರು, ಸೆರಗು ಸಿಕ್ಕಿಸಿದರು. "ಕೊಡಿಲ್ಲಿ. ನನ್ ಮೊಕ ನಾನೇ ಒತ್ಕೋತೀನಿ."

ಚಿರುವಿಗೆಂದು ಬೇರೊಂದು ಟೀ ಶರ್ಟ್ ಹಾಸಿದೆವು. ಪೆಟ್ಟಿಗೆಯ ಮೇಲೆ ಎರಡೂ ಕೈಯಿಟ್ಟು, ರಾಗಿಮುದ್ದೆ ತೊಳಸುವ ರಟ್ಟೆಬಲದಲ್ಲಿ ಅತ್ತೆ ತಮ್ಮ ಮುಖವನ್ನು ತಾವೇ ಅದುಮಿದರು. ಕರುಣೆಯೆಂಬುದೇ ಇರಲಿಲ್ಲ. ಹಾಳೆ ಎತ್ತಿದರೆ ಸುಕ್ಕು ಸುಕ್ಕಾಗಿ, ಮೂಗುಬೊಟ್ಟು ಅದರ ಜಾಗದಲ್ಲೇ ಇಟ್ಟುಕೊಂಡು, ನಗುತ್ತಿದ್ದಾರೆ! ಸಿಂಚನಳದೂ ಹಾಗೆಯೇ ಬಂತು.

ಚಿಂತಾಮಣಿಯಲ್ಲಿ ಪೂಜೆಗಿಂತ ಜನ ಟೀ ಶರ್ಟುಗಳನ್ನೇ ಹೆಚ್ಚು ನೋಡಿದರು. ಊಟದ ಸಾಲಿನಲ್ಲಿ ಅತ್ತೆ ಎಲ್ಲರಿಗೂ ಕೇಳುವಂತೆ ತಂಗಿಗೆ ಹೇಳಿದರು: "ಒಂದು ಕೆಟ್ಟೋಯ್ತು ಕಣೇ. ನಮ್ ಸೊಸೆ ಸುಶೀಲಾಗೆ ನನ್ ಮೊಕದ ಮೇಲೆ ಪೆಟ್ಟಿಗೆ ಇಡಕ್ಕೆ ಮನಸ್ಸೇ ಬರ್ಲಿಲ್ಲ. ಅಷ್ಟ್ ಪ್ರೀತಿ!"

ನಾನು ತಲೆ ತಗ್ಗಿಸಿ ಪಾಯಸ ಕಲಸಿದೆ. ಪ್ರೀತಿ ಇಲ್ಲವೆಂದಲ್ಲ. ಆದರೆ ಅವತ್ತು ಪೆಟ್ಟಿಗೆ ಇಟ್ಟು ಇಟ್ಟು ಎತ್ತಿದ್ದು ಹೆದರಿಕೆಗೆ. ಗಟ್ಟಿಯಾಗಿ ಒತ್ತಿದರೆ, ಇವಳು ಖುಷಿಯಾಗಿ ಒತ್ತಿದಳು ಅಂತ ಎಲ್ಲಿ ಅಂದುಬಿಡುತ್ತಾರೋ ಎಂಬ ಹೆದರಿಕೆ. ಅತ್ತೆಯ ತಂಗಿ ಕೂಡಲೇ ತಮ್ಮ ಸೊಸೆಯ ಕಡೆ ತಿರುಗಿ, "ಕೇಳಿದ್ಯೇನಮ್ಮಾ, ಇವ್ಳನ್ನ ನೋಡಿ ಕಲ್ತ್ಕೋ" ಎಂದರು.

ಆ ಸೊಸೆ ಊಟವಾದ ಮೇಲೆ ನನ್ನನ್ನು ಹೊಸ ಮನೆ ತೋರಿಸುವ ನೆಪದಲ್ಲಿ ಮೂರನೆಯ ಅಂತಸ್ತಿಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿ, ದನಿ ತಗ್ಗಿಸಿ ಕೇಳಿದಳು: "ಅಕ್ಕಾ, ಆ ಪೇಪರ್ರು ಎಲ್ ಸಿಗುತ್ತೆ?"

ಅಂಗಡಿ ಯಾವುದು, ಯಾವ ಬೀದಿ, ನೀರು ಚಿಮುಕಿಸಬಾರದು, ಮಧ್ಯೆ ಎತ್ತಬಾರದು, ಮೈಭಾರವೆಲ್ಲ ಹಾಕಬೇಕು ಎಂದು ನಿಧಾನವಾಗಿ, ಒಂದೂ ಬಿಡದೆ ಹೇಳಿಕೊಟ್ಟೆ. ಮೆಟ್ಟಿಲು ಇಳಿಯುವ ಮುಂಚೆ, ಹಾಗೇ ನನಗೂ ಒಂದು ಹಾಳೆ, ನಮ್ಮತ್ತೆಗೆ ಗೊತ್ತಾಗದ ಹಾಗೆ, ತಂದಿಟ್ಟಿರಲು ಹೇಳಿದೆ.