ರೇಡಿಯೋದಲ್ಲಿದ್ದ ನನ್ನ ನೆಗೆಣ್ಣಿ

ನಮ್ಮ ಅತ್ತೆಯವರಿಗೆ ಇರುವುದು ಒಬ್ಬನೇ ಮಗ. ಸೊಸೆಯರು ಮಾತ್ರ ಇಬ್ಬರು!

ಹಾಗೆಂದ ಕೂಡಲೇ ನಮ್ಮ ಯಜಮಾನರ ಮೇಲೆ ಅನುಮಾನ ಪಡಬೇಡಿ. ಕೊಟ್ಟೂರಿನಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟುಕೊಂಡು, ಮಧ್ಯಾಹ್ನದ ಊಟಕ್ಕೂ ಎರಡು ಸಲ ಫೋನ್ ಮಾಡಿಸಿಕೊಂಡು ಬರುವ ಮನುಷ್ಯ ಅವರು. ಇನ್ನೊಬ್ಬಳನ್ನು ಕಟ್ಟಿಕೊಳ್ಳುವಷ್ಟು ಪುರುಸೊತ್ತು ಅವರಿಗೆಲ್ಲಿಂದ ಬರಬೇಕು? ಎರಡನೆಯ ಸೊಸೆಯನ್ನು ಮನೆ ತುಂಬಿಸಿಕೊಂಡವರು ಅತ್ತೆಯವರೇ. ಅವಳು ನಮ್ಮ ಪಡಸಾಲೆಯ ಗೂಡಿನಲ್ಲಿ, ದೇವರ ಫೋಟೋದ ಪಕ್ಕ, ರೇಡಿಯೋದೊಳಗೆ ವಾಸವಾಗಿದ್ದಳು. ಹೆಸರು ಸುಗುಣಿ. ಒಂದೇ ಮನೆಯ ಸೊಸೆಯರು ಪರಸ್ಪರ ನೆಗೆಣ್ಣಿಯರು ತಾನೇ? ಆ ಲೆಕ್ಕದಲ್ಲಿ ಅವಳು ನನಗೆ ನೆಗೆಣ್ಣಿ.

ನಮ್ಮ ಕಡೆಯ ಬೆಳಗಿನ ರೇಡಿಯೋ ಕೇಳಿದವರಿಗೆ ಅವಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ, ಸಂತೋಷದಿಂದೇನೂ ಅಲ್ಲ. ವಚನ ಮುಗಿದು, ಪೇಟೆ ಧಾರಣೆ ಮುಗಿದ ಮೇಲೆ ಒಂದಿಷ್ಟು ಹೊತ್ತು ಅತ್ತೆ-ಸೊಸೆಯ ಹರಟೆ ಬರುತ್ತಿತ್ತು. ಅತ್ತೆ ಗುಂಡವ್ವ ಏನಾದರೂ ಕೊಂಕು ತೆಗೆಯುವುದು, ಸೊಸೆ ಸುಗುಣಿ ಎದುರುತ್ತರ ಕೊಡುವುದು, ಅಷ್ಟೇ. ಅಷ್ಟಕ್ಕೇ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಚಹಾದಂಗಡಿ, ಕಟಿಂಗ್ ಶಾಪು, ಹಿಟ್ಟಿನ ಗಿರಣಿ ಎಲ್ಲ ಕಡೆ ಜನ ಕೈಕೆಲಸ ಬಿಟ್ಟು ನಿಲ್ಲುತ್ತಿದ್ದರು.

ನಮ್ಮ ಅತ್ತೆಯವರು ನಿಲ್ಲುತ್ತಿರಲಿಲ್ಲ, ಕೂರುತ್ತಿದ್ದರು. ಅದೂ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ತಲೆಯ ಮೇಲೆ ಸೆರಗು ಹೊದ್ದುಕೊಂಡು. ಮನೆಯೊಳಗೆ ಸೆರಗು ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಕಾರ್ಯಕ್ರಮ ಶುರು ಅಂತ ಒಬ್ಬ ಗಂಡಸು ಹೇಳ್ತಾನಲ್ಲ, ಅವನ ಮುಂದ ಹಂಗ ಕುಂದ್ರಲೇನು?" ಎಂದರು.

ಆ ಹೊತ್ತಿನಲ್ಲಿ ಮಿಕ್ಸರ್ ಹಚ್ಚುವ ಹಾಗಿಲ್ಲ, ಕುಕ್ಕರ್ ಕೂಗುವ ಹಾಗಿಲ್ಲ. ಹಾಲು ಉಕ್ಕಿದರೆ ಅವರೇ ಎದ್ದು ಬರುತ್ತಿದ್ದರು, ಆದರೆ "ತಡಿಯವಾ ಸುಗುಣಿ, ಬಂದೆ" ಎಂದು ರೇಡಿಯೋಕ್ಕೆ ಹೇಳಿಯೇ ಬರುತ್ತಿದ್ದರು. ಸುಗುಣಿ ತಡೆಯುತ್ತಿರಲಿಲ್ಲ. ತಪ್ಪು ನನ್ನದಾಗುತ್ತಿತ್ತು. ಅಡುಗೆಮನೆಯಿಂದ ನನಗೆ ಕಾಣುತ್ತಿದ್ದದ್ದು ಅತ್ತೆಯವರ ಬೆನ್ನು ಮಾತ್ರ. ಸುಗುಣಿ ಬಾಯಿ ತೆರೆದಾಗಲೆಲ್ಲ ಆ ಬೆನ್ನು ನಗೆಯಿಂದ ಅಲುಗುತ್ತಿತ್ತು. ಆಗ ನನ್ನ ಹೊಟ್ಟೆಯೊಳಗೆ ಏನಾಗುತ್ತಿತ್ತೆಂದು ನಾನು ಬಿಡಿಸಿ ಹೇಳಬೇಕೆ? ಹೊಟ್ಟೆಕಿಚ್ಚು ಸ್ವಾಮಿ, ಹಸಿ ಹೊಟ್ಟೆಕಿಚ್ಚು.

ಒಂದು ದಿನ ಗುಂಡವ್ವ, "ಸಾರಿಗೆ ಉಪ್ಪು ಹಾಕೀಯೇನು?" ಎಂದು ಕೇಳಿದಳು. ಸುಗುಣಿ, "ಹಾಕೀನ್ರಿ ಅತ್ತಿ. ನೀವು ಒಂದೀಟು ಬಾಯಿ ಮುಚ್ಚಿದ್ರ ನಾಲಿಗಿಗೆ ಗೊತ್ತಾಗತೈತಿ" ಎಂದುಬಿಟ್ಟಳು. ನಮ್ಮ ಅತ್ತೆಯವರು ಕಣ್ಣೊರೆಸಿಕೊಂಡು ನಕ್ಕರು. ಇಷ್ಟು ಸುಲಭವೇ ಅತ್ತೆಯನ್ನು ಒಲಿಸಿಕೊಳ್ಳುವುದು ಎಂದುಕೊಂಡ ನಾನು ಮಧ್ಯಾಹ್ನದವರೆಗೆ ಕಾದೆ. ತಾಟಿನ ಮುಂದೆ ಕೂತು ಅವರು ಉಪ್ಪಿನ ಮಾತು ತೆಗೆದದ್ದೇ ತಡ, ಸುಗುಣಿಯ ಉತ್ತರವನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅತ್ತೆಯವರು ತುತ್ತನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು.

"ಅದು ಅಕಿ ಮಾತು. ನಿನ್ನ ಬಾಯಾಗ ಒಪ್ಪಂಗಿಲ್ಲ."

ಹೋಗಲಿ, ನನ್ನದೇ ಮಾತು ಆಡಿದರೆ? ಅದಕ್ಕೂ ಬೆಲೆಯಿರಲಿಲ್ಲ. ಮಜ್ಜಿಗೆ ಯಾಕೆ ಇಷ್ಟು ನೀರಾಗಿದೆ ಎಂದು ಅವರು ಕೇಳಿದಾಗ, "ಎಂಟು ದಿನಕ್ಕ ಒಮ್ಮೆ ನಳ ಬಂದೈತ್ರಿ ಅತ್ತಿ, ಖುಷಿಗೆ ಎಲ್ಲಾದಕ್ಕೂ ಹಾಕೀನಿ" ಎಂದಿದ್ದೆ. ನನಗೇ ನಗು ಬಂತು. ಅತ್ತೆಯವರು ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಎದ್ದು, ಸೀದಾ ಹಿತ್ತಲಿಗೆ ಹೋದರು. ನಾನು ಬಾಯಿ ಬಿಟ್ಟಾಗಲೆಲ್ಲ ಹೀಗೇ. ಸೊಸೆಯ ಮಾತು ಕೇಳಿ ಹೇಸಿಗೆಯಾಗಿ ಉಗುಳಲು ಹೋಗುತ್ತಾರೇನೋ ಎಂದು ನಾನು ತಿಳಿದಿದ್ದೆ.

ರೊಟ್ಟಿಯ ವಿಷಯವಂತೂ ಇನ್ನೂ ನನ್ನ ಗಂಟಲಲ್ಲೇ ಇದೆ. ನಾನು ಹೂವಿನಹಡಗಲಿಯ ಮಗಳು. ಮಲ್ಲಿಗೆ ಕಟ್ಟುವ ಕೈಗೆ ಜೋಳದ ರೊಟ್ಟಿ ಬಡಿಯುವುದು ಬರುವುದಿಲ್ಲ ಎಂದು ಯಾರು ಹೇಳಿದರು? ಆದರೂ ಅತ್ತೆಯವರು ನನ್ನ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಸುಗುಣಿ ರೊಟ್ಟಿ ಚಂದ್ರಾಮ ಇದ್ದಂಗ ಇರತೈತಿ" ಎಂದರು.

"ನೀವು ನೋಡೀರೇನ್ರಿ?"

"ನೋಡೋದು ಏನೈತಿ, ಬಡಿಯೋ ಸಪ್ಪಳ ಕೇಳಿದ್ರ ಗೊತ್ತಾಗಂಗಿಲ್ಲೇನು?"

ರೇಡಿಯೋದವರು ಮೈಕಿನ ಮುಂದೆ ಚಪ್ಪಾಳೆ ತಟ್ಟಿ ರೊಟ್ಟಿಯ ಸದ್ದು ಮಾಡುತ್ತಿರಬಹುದು ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಯಾರು ನಂಬುತ್ತಿದ್ದರು?

ಮುಂದೆ ಸುಗುಣಿ ಬಸುರಿಯಾದಳು. ರೇಡಿಯೋದೊಳಗೆ ಅದು ಹೇಗಾಯಿತೋ, ಬರೆದವರನ್ನೇ ಕೇಳಬೇಕು. ನಮ್ಮ ಅತ್ತೆಯವರು ಅವಳಿಗೆ ಸೀಮಂತದ ಕುಬಸ ಮಾಡಿದರು! ಗೂಡಿನ ಮುಂದೆ ಹಸಿರು ಬಳೆ, ಹಸಿರು ಕುಬಸದ ಕಣ, ಮೊಸರಬುತ್ತಿ, ಚಿತ್ರಾನ್ನ, ಕರಿಗಡಬು. ನನ್ನ ಕುಬಸದಲ್ಲಿ ಕರಿಗಡಬು ಇರಲಿಲ್ಲವೆಂಬುದನ್ನು ನಾನು ಮರೆತಿಲ್ಲ. ಸುಗುಣಿ ಹೊರಗೆ ಬಂದು ಉಣ್ಣುವಂತಿರಲಿಲ್ಲವಾದ್ದರಿಂದ ಅಷ್ಟನ್ನೂ ಕೂತು ತಿಂದವಳು ನಾನೇ. ಹೊಟ್ಟೆಕಿಚ್ಚಿಗೆ ಮೊಸರಬುತ್ತಿ ಒಳ್ಳೆಯದು.

ಆ ದಿನ ಯಜಮಾನರ ಮುಂದೆ ಗೋಳು ತೋಡಿಕೊಂಡೆ.

"ಅಕಿ ಬರೀ ಧ್ವನಿ ಲೇ," ಎಂದರು ಅವರು, ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತ.

"ನನಗ ಈ ಮನ್ಯಾಗ ಅದೂ ಇಲ್ಲಲ್ರಿ."

ನನಗೆ ಬೇಕಾಗಿದ್ದದ್ದು ಬಂಗಾರವಲ್ಲ, ರೇಷ್ಮೆಯಲ್ಲ. "ನನ್ನ ಸೊಸಿ ಶಾಣ್ಯಾಕಿ ಅದಾಳ" ಎಂದು ಅತ್ತೆಯವರು ಒಂದೇ ಒಂದು ಸಲ ನಾಲ್ಕು ಜನರ ಮುಂದೆ ಹೇಳಬೇಕಿತ್ತು. ಅವರೋ, ಸಂಜೆಯಾದರೆ ಕಟ್ಟೆಯ ಮೇಲೆ ಓಣಿಯ ಹೆಂಗಸರನ್ನು ಕೂಡಿಸಿಕೊಂಡು, "ನಮ್ಮ ಸುಗುಣಿ ಏನಂದ್ಲು ಗೊತ್ತೈತೇನು?" ಎಂದು ಶುರುಮಾಡುತ್ತಿದ್ದರು. ನಮ್ಮ ಸುಗುಣಿ! ಆ ಎರಡು ಶಬ್ದ ಕೇಳಿದರೆ ನಾನು ಒಳಗೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ.

ದೇವರು ದೊಡ್ಡವನು. ಒಂದು ಸೋಮವಾರ ಬೆಳಿಗ್ಗೆ ಪೇಟೆ ಧಾರಣೆ ಮುಗಿದ ಮೇಲೆ ಸುಗುಣಿ ಬರಲಿಲ್ಲ, ಹಾಡು ಬಂತು. ಮರುದಿನವೂ ಹಾಡು. ಕಾರ್ಯಕ್ರಮ ನಿಂತೇಹೋಗಿತ್ತು. ನಾನು ಶ್ಯಾವಿಗೆ ಪಾಯಸ ಮಾಡಿದೆ. ಏನು ವಿಶೇಷ ಎಂದು ಅತ್ತೆಯವರು ಕೇಳಿದ್ದಕ್ಕೆ ಹಾಲು ಉಳಿದಿತ್ತು ಎಂದೆ.

ಆದರೆ ಸತ್ತವರಿಗಿಂತ ನಿಂತ ಕಾರ್ಯಕ್ರಮದ ಕಾಟ ಹೆಚ್ಚು. ತವರಿಗೆ ಹೋಗಲು ಹಡಗಲಿ ಬಸ್ಸು ಹತ್ತಿದರೆ ಹಿಂದಿನ ಸೀಟಿನಲ್ಲಿ ಇಬ್ಬರು, "ಈಗಿನ ರೇಡಿಯೋದಾಗ ಏನೈತಿ ಬಿಡ್ರಿ, ಸುಗುಣಿ ಇದ್ದಾಗ ಮುಂಜಾನಿ ಅಂದ್ರ ಮುಂಜಾನಿ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಹಗರಿಬೊಮ್ಮನಹಳ್ಳಿಯಲ್ಲಿ ಒಗ್ಗರಣೆ ಮಂಡಕ್ಕಿ ಕೊಡುವವನು ಮಿರ್ಚಿ ಇಡುತ್ತ ಸುಗುಣಿಯ ದನಿ ತೆಗೆಯುತ್ತಿದ್ದ. ನಾನು ಅಲ್ಲಿ ಎರಡನೆಯ ಪ್ಲೇಟ್ ತೆಗೆದುಕೊಳ್ಳಲಿಲ್ಲ. ಯಜಮಾನರು ಅವ್ವನಿಗೆ ಬೇಜಾರಾಗಬಾರದೆಂದು ಮೊಬೈಲು ತಂದುಕೊಟ್ಟು, ಅದರಲ್ಲಿ ನಗಿಸುವವರ ವಿಡಿಯೋ ತೋರಿಸಿದರು. ಅತ್ತೆಯವರು ನೋಡಿ, "ಇವಕ್ಕ ಮುಖ ಅದಾವ, ಮಾತಿಲ್ಲ" ಎಂದು ತಿರುಗಿಸಿ ಕೊಟ್ಟರು. ತಂಗಿಗೆ ಫೋನ್ ಮಾಡುವುದಕ್ಕೆ ಮಾತ್ರ ಇಟ್ಟುಕೊಂಡರು.

ಮೊನ್ನೆ ಒಂದು ಗುರುವಾರ, ತಂಗಿಯ ಜೊತೆ ಗಂಟೆಗಟ್ಟಲೆ ಮಾತಾಡಿ ಮುಗಿಸಿ, "ಯಾಕ ಈ ಫೋನು ಇಷ್ಟು ಬಿಸಿ ಆಗೈತಿ?" ಎಂದರು.

"ದಿನಾ ನನ್ನ ಚಾಡಿ ಕೇಳಿ ಕೇಳಿ ಅದಕ್ಕ ಜ್ವರ ಬಂದಾವ್ರಿ" ಎಂದೆ.

ಸೆರಗು ಬಾಯಿಗೆ ಹೋಯಿತು. ಅತ್ತೆಯವರು ಹಿತ್ತಲಿಗೆ ಹೋದರು. ಎಂದಿನ ಮರ್ಯಾದೆ.

ನಾಲ್ಕು ದಿನ ಬಿಟ್ಟು ಎದುರುಮನೆಯ ಗಂಗವ್ವ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದಳು. ಬಾಗಿಲಲ್ಲೇ ನಗುತ್ತ ನಿಂತಳು.

"ಏನ ಅನ್ನು ತಂಗಿ, ಆ ಸುಗುಣಿ ಭಾಳ ಜೋರು. ನಿಮ್ಮತ್ತಿ ನಿನ್ನೆ ಹೇಳಿದ್ರು. ಚಾಡಿ ಕೇಳಿ ಕೇಳಿ ಫೋನಿಗೆ ಜ್ವರ ಬಂದಾವಂತ."

ನಾನು ಮೊಸರಿನ ಚಮಚ ಪಾತ್ರೆಯಲ್ಲೇ ಬಿಟ್ಟು ಬಾಗಿಲಿಗೆ ಬಂದೆ.

"ಮತ್ತೇನೇನು ಹೇಳ್ಯಾರ ಗಂಗಕ್ಕ?"

"ಅಯ್ಯ, ಒಂದಾ ಎರಡಾ. ನಳ ಬಂದ ಖುಷಿಗೆ ಮಜ್ಜಿಗಿಗೆ ನೀರು ಹಾಕಿದ್ದು ಹೇಳಿದಾಗ ನನಗ ಕಟ್ಟಿ ಮ್ಯಾಲಿಂದ ಏಳಾಕ ಆಗಲಿಲ್ಲ."

"ಸುಗುಣಿ ನಿಂತು ಎಷ್ಟು ದಿನಾತು. ರೇಡಿಯೋದಾಗ ಬರಂಗಿಲ್ಲಲ್ಲ?"

"ಹೌದಾ? ನಮ್ಮ ಮನ್ಯಾಗ ರೇಡಿಯೋ ಎಲ್ಲೈತವಾ. ನನಗ ನಿಮ್ಮತ್ತಿನೇ ರೇಡಿಯೋ."

ಗಂಗವ್ವ ಹೋದಳು. ಇಷ್ಟು ವರ್ಷ ಕಟ್ಟೆಯ ಮೇಲೆ ನಕ್ಕ ನಗೆಯಲ್ಲಿ ಎಷ್ಟು ಪಾಲು ನನ್ನದು? ನಾನು ಉರಿದುಕೊಂಡದ್ದು ಯಾರ ಮೇಲೆ? ನನಗೆ ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಬಂದವು.

ಸಂಜೆ ಅತ್ತೆಯವರು ನನ್ನ ತವರಿನಿಂದ ಬಂದ ಮಲ್ಲಿಗೆ ಕಟ್ಟುತ್ತಿದ್ದರು. ಎದುರಿಗೆ ಕೂತು ನೇರವಾಗಿ ಕೇಳಿದೆ.

"ನಾ ಆಡಿದ್ದು ಸುಗುಣಿ ಆಡಿದ್ಲು ಅಂತ ಯಾಕ ಹೇಳ್ತೀರಿ?"

ಅತ್ತೆಯವರು ಹೂವಿನಿಂದ ಕಣ್ಣು ಎತ್ತಲಿಲ್ಲ.

"ನನ್ನ ಸೊಸಿ ಅಂದ್ಲು ಅಂತ ಹೇಳಿದ್ರ ದೃಷ್ಟಿ ಆಗತೈತಿ. ಆ ಗಂಗವ್ವನ ಕಣ್ಣು ಸರಿ ಇಲ್ಲ. ಸುಗುಣಿಗಾದ್ರ ಏನಾಗತೈತಿ, ಅಕಿಗೆ ಮುಖಾನ ಇಲ್ಲ."

"ಮತ್ತ ನನ್ನ ಮುಂದ ಯಾಕ ನಗಂಗಿಲ್ಲ? ಹಿತ್ತಲಿಗೆ ಎದ್ದು ಹೋಗ್ತೀರಿ."

"ಮೆಚ್ಚಿ ನಕ್ಕರ ತಾಯಿ-ಅತ್ತಿ ಕಣ್ಣು ಎಲ್ಲಾರಕಿಂತ ಮೊದಲ ಹತ್ತತೈತಿ." ಎರಡು ಮೊಗ್ಗು ಗಂಟು ಹಾಕಿ, ಮತ್ತೆ ಹೇಳಿದರು: "ನೀ ಸ್ವಲ್ಪ ಕಡಿಮಿ ಮಾತಾಡು. ಸಲಸಲಕ್ಕೂ ನಗಾಕ ಎದ್ದು ಹೋಗಿ ನನ್ನ ಮಣಕಾಲು ನೋಯಾಕ ಹತ್ಯಾವ."

ಮರುದಿನ ಬೆಳಿಗ್ಗೆ ಅವರು ಸುಗುಣಿ ಇದ್ದಾಗಿನಂತೆ ಸೆರಗು ಹೊದ್ದು ಗೂಡಿನ ಮುಂದೆ ಕೂತರು. ರೇಡಿಯೋ ಹಚ್ಚಲಿಲ್ಲ. ಅಡುಗೆಮನೆಯ ಕಡೆ ತಿರುಗಿ ಕೂತು, ಗುಂಡವ್ವನ ದನಿಯಲ್ಲೇ ಕೂಗಿದರು.

"ಸಾರಿಗೆ ಉಪ್ಪು ಹಾಕೀಯೇನು?"

ಸುಗುಣಿಯ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿದೆ. ಅವಳ ಮಾತು ನನ್ನ ಬಾಯಲ್ಲಿ ಒಪ್ಪುವುದಿಲ್ಲವಲ್ಲ.

"ಇಲ್ರಿ ಅತ್ತಿ. ಇದ್ದ ಉಪ್ಪೆಲ್ಲ ನನ್ನ ದೃಷ್ಟಿ ತೆಗಿಯಾಕ ಬೇಕಾಗೈತಿ. ಉಳದ್ರ ಹಾಕ್ತೀನಿ."

ಸೆರಗು ಬಾಯಿಗೆ ಹೋಯಿತು. ಅರ್ಧ ಎದ್ದರು. ಮೊಣಕಾಲು ಹಿಡಿದುಕೊಂಡು ಮತ್ತೆ ಅಲ್ಲೇ ಕುಸಿದು ಕೂತರು, ಸೆರಗು ಜಾರಿತು, ನನ್ನ ಕಡೆಗೇ ಮುಖ ಮಾಡಿ ಬಾಯ್ತುಂಬ ನಕ್ಕರು. ಅವರ ದವಡೆಯಲ್ಲಿ ಒಂದು ಹಲ್ಲಿಲ್ಲ ಎಂಬುದು ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ.