ಕುಡತಿನಿ ಚಿಮಣಿಗೆ ಇಳಿದ ಕ್ರಿಸ್ಮಸ್ ಅಜ್ಜ

ಮಕ್ಕಳಿಗೆ ಪುಸ್ತಕ ಆರಿಸುವುದು ಮಕ್ಕಳಾಟವಲ್ಲ ಎಂದು ರಾಮಾಂಜಿನಿ ಮೇಷ್ಟ್ರು ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಮಂಡಕ್ಕಿ ವಗ್ಗರಣೆಯ ತಟ್ಟೆಯ ಮುಂದೆ ಕೂತು ಘೋಷಿಸಿದರು. ಘೋಷಣೆ ಮುಗಿಯುವಷ್ಟರಲ್ಲಿ ವಗ್ಗರಣೆ ಮೆತ್ತಗಾಗಿತ್ತು, ಮಿರ್ಚಿ ತಣ್ಣಗಾಗಿತ್ತು. ಹೆಂಡತಿ ರಶ್ಮಿಯ ಸಹನೆ ಅವೆರಡಕ್ಕೂ ಮೊದಲೇ ಮುಗಿದಿತ್ತು.

ಮೇಷ್ಟ್ರ ಮನೆ ಕುರುಗೋಡಿನಲ್ಲಿ, ಕೆಲಸ ಸಿರುಗುಪ್ಪದಲ್ಲಿ. ಅಲ್ಲಿನ ಪಿಯು ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕರು. ಅವರು ಮೆಚ್ಚುವಂಥ ಪುಸ್ತಕ ಇನ್ನೂ ಅಚ್ಚಿಗೇ ಹೋಗಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಮನೆಗೆ ಬಂದ ಲಗ್ನಪತ್ರಿಕೆಯ ಕಾಗುಣಿತವನ್ನು ಕೆಂಪು ಪೆನ್ನಿನಿಂದ ತಿದ್ದಿ, ಮದುವೆಯ ದಿನ ಹೆಣ್ಣಿನ ತಂದೆಯ ಕೈಗೇ ಅದನ್ನು ಕೊಟ್ಟು ಊಟಕ್ಕೆ ಕೂರುವ ಮನುಷ್ಯ. ಇಂಥವರ ಕೈಗೆ ಕ್ರಿಸ್ಮಸ್ ಕಥೆಪುಸ್ತಕ ಸಿಕ್ಕಿಬಿದ್ದದ್ದು ಹೀಗೆ.

ಐದು ವರ್ಷದ ಮಗಳು ಗೌತಮಿಯ ಕಾನ್ವೆಂಟಿನಲ್ಲಿ ಒಂದು ಪದ್ಧತಿ ಇತ್ತು. ಕ್ರಿಸ್ಮಸ್ ರಜೆಯ ಹಿಂದಿನ ದಿನ ಯುಕೆಜಿ ಮಕ್ಕಳಲ್ಲಿ ಯಾರಾದರೊಬ್ಬರ ಅಪ್ಪನೋ ಅಮ್ಮನೋ ಒಂದು ಪುಸ್ತಕ ಆರಿಸಿ ತಂದು, ತರಗತಿಗೆ ಓದಿ ಹೇಳಬೇಕು. ಈ ಸಲ ಚೀಟಿ ಎತ್ತಿದಾಗ ಗೌತಮಿಯ ಹೆಸರು ಬಂತು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ರಶ್ಮಿ, ಅರ್ಧ ದಿನ ರಜೆ ಹಾಕಿ ತಾನೇ ಹೋಗುವುದೆಂದು ಲೆಕ್ಕ ಹಾಕಿದ್ದಳು.

“ನೀನು ರಕ್ತ ಪರೀಕ್ಷೆ ಮಾಡು. ಪುಸ್ತಕ ಪರೀಕ್ಷೆ ನನಗ ಬಿಡು,” ಎಂದರು ಮೇಷ್ಟ್ರು. “ಇಪ್ಪತ್ತು ವರ್ಷ ಆತು ನಾ ಪಾಠ ಮಾಡಾಕ ಹತ್ತಿ.”

“ನಿಮ್ಮ ಪಿಯು ಹುಡುಗರು ಬ್ಯಾಸರಾದ್ರ ಹಿಂದಿನ ಬಾಗಲದಾಗ ಎದ್ದು ಹೋಗ್ತಾರ. ಈ ಕೂಸುಗಳು ಎಲ್ಲಿಗೆ ಹೋಗ್ಬೇಕ್ರಿ ಪಾಪ?”

ಮೇಷ್ಟ್ರು ಕೈ ತೊಳೆಯಲು ಎದ್ದರು. ಟೀಕೆ ಮಾಡುವುದು ತಮ್ಮ ಕೆಲಸ, ಕೇಳುವುದು ಬೇರೆಯವರ ಕೆಲಸ ಎಂಬುದು ಅವರ ನಂಬಿಕೆಯಾಗಿತ್ತು.

ಆ ಸಂಜೆ ಕಾನ್ವೆಂಟಿನ ಮುಖ್ಯಸ್ಥೆ ಸಿಸ್ಟರ್ ಲೂರ್ದು ಫೋನು ಮಾಡಿದರು. “ಸಾರ್, ಸಣ್ಣದು ಯಾವ್ದಾರ ಆರಿಸ್ರಿ. ನೇಟಿವಿಟಿ ಕಥಿ ಆದ್ರ ಛಲೋ ಆಗ್ತೈತಿ,” ಎಂದರು. ಸಿಸ್ಟರ್ ಹೇಳಿದ್ದು ಯೇಸು ಹುಟ್ಟಿದ ಕಥೆ. ಚರ್ಚಿನವರು ಅದನ್ನು ಕರೆಯುವುದೇ ಹಾಗೆ. ಮೇಷ್ಟ್ರು ಕೇಳಿಸಿಕೊಂಡದ್ದು ಸಿನಿಮಾದವರ ನೇಟಿವಿಟಿ. ಅಂದರೆ ನಮ್ಮ ಮಣ್ಣಿನ ವಾಸನೆ ಬರಬೇಕು, ನಮ್ಮ ಊರು ಕಣ್ಣಿಗೆ ಕಟ್ಟಬೇಕು.

“ಆ ಸಿಸ್ಟರಿಗೆ ಸಾಹಿತ್ಯ ಗೊತ್ತೈತಿ,” ಎಂದು ಅವರು ರಶ್ಮಿಗೆ ಹೇಳಿದರು. ಆ ವರ್ಷ ಅವರು ಯಾರನ್ನಾದರೂ ಹೊಗಳಿದ್ದು ಅದೇ ಮೊದಲು.

ಭಾನುವಾರ ಗೌತಮಿಯನ್ನು ಕರೆದುಕೊಂಡು ಬಳ್ಳಾರಿ ಬಸ್ಸು ಹತ್ತಿದರು. ಅಲ್ಲಿ ಕೈಸರ್ ಎಂಬುವರ ಪುಸ್ತಕದಂಗಡಿ. ಕೈಸರ್ ಕ್ರಿಸ್ಮಸ್ ಪುಸ್ತಕಗಳನ್ನೆಲ್ಲ ಒಂದು ಮೇಜಿನ ಮೇಲೆ ಹರಡಿ, ಸುತ್ತ ಬಣ್ಣದ ಕಾಗದದ ನಕ್ಷತ್ರ ಇಳಿಬಿಟ್ಟಿದ್ದರು. ಮೇಷ್ಟ್ರು ಮನೆಯ ಭಾಷೆಯನ್ನು ಬಸ್ಸಿನಲ್ಲೇ ಬಿಟ್ಟು, ವೇದಿಕೆಯ ಭಾಷೆಯಲ್ಲಿ ಶುರುಮಾಡಿದರು.

ಮೊದಲನೆಯದರಲ್ಲಿ ಕರಡಿ ಮರಿಯೊಂದು ಹಿಮದಲ್ಲಿ ಮನೆ ಕಟ್ಟುತ್ತಿತ್ತು. “ಡಿಸೆಂಬರಿನಲ್ಲೂ ಫ್ಯಾನು ಹಾಕಿಕೊಂಡು ಮಲಗುವ ಊರು ಇದು. ಇಲ್ಲಿ ನಿಂತು ಹಿಮ ಮಾರುತ್ತೀರಲ್ಲ.”

“ನಾ ಪುಸ್ತಕ ಮಾರ್ತೀನ್ರಿ ಸಾರ್,” ಎಂದರು ಕೈಸರ್.

ಎರಡನೆಯದರ ರಟ್ಟಿನ ಮೇಲಿನ ನಕ್ಷತ್ರ ಒತ್ತಿದರೆ ಹಾಡು ಬರುತ್ತಿತ್ತು. “ಇದು ಪುಸ್ತಕವೋ, ಕಾಲಿಂಗ್ ಬೆಲ್ಲೋ?” ಮೂರನೆಯದು ಪದ್ಯ. “ಗಂಟೆಗೆ ತುಂಟೆ ಎಂದು ಪ್ರಾಸ ಕಟ್ಟಿದ್ದಾನೆ. ಹಬ್ಬದ ದಿನ ಯಾರನ್ನು ಬೈಯುತ್ತಿದ್ದಾನೆ ಈತ?” ನಾಲ್ಕನೆಯದರಲ್ಲಿ ಇಲಿಯೊಂದು ಕ್ರಿಸ್ಮಸ್ ಕೇಕು ತಿನ್ನುತ್ತಿತ್ತು. “ನಮ್ಮ ಮನೆಯಲ್ಲಿ ಇಲಿ ಕೇಕು ತಿಂದರೆ ಬೋನು ಇಡುತ್ತೇವೆ, ಕಥೆ ಬರೆಯುವುದಿಲ್ಲ.”

ಅಷ್ಟರಲ್ಲಿ ಗೌತಮಿ ಕೆಳಗಿನ ಸಾಲಿನಿಂದ ತೆಳ್ಳನೆಯ ಪುಸ್ತಕವೊಂದನ್ನು ಎಳೆದು, ನೆಲದ ಮೇಲೆ ಕೂತು, ಅದರ ಪುಟ ಸವರುತ್ತಿದ್ದಳು. “ಅಪ್ಪಾ, ಇದ್ರಾಗ ಕರು ಐತಿ. ಪಾಪು ಹುಲ್ಲಾಗ ಮಲಗೇತಿ.”

ಮೇಷ್ಟ್ರು ಬಗ್ಗಿ ನೋಡಿದರು. ದನದ ಕೊಟ್ಟಿಗೆ, ಗೋದಲಿಯಲ್ಲಿ ಕೂಸು, ಪಕ್ಕದಲ್ಲಿ ತಾಯಿ. ಪುಟಕ್ಕೆ ಎರಡೇ ಸಾಲು. “ಇದನ್ನು ಓದುವುದಕ್ಕಿಂತ ತೂಗುವುದಕ್ಕೇ ಹೆಚ್ಚು ಹೊತ್ತು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇದರಲ್ಲಿ ನೇಟಿವಿಟಿ ಇಲ್ಲ,” ಎಂದು ಮಗಳ ಕೈಯಿಂದ ಅದನ್ನು ಬಿಡಿಸಿ ಸಾಲಿಗೆ ಸೇರಿಸಿದರು.

“ಆಕಳು, ಕರು, ಹುಲ್ಲು, ಹಸಗೂಸು,” ಎಂದು ಕೈಸರ್ ಬೆರಳು ಮಡಚಿದರು. “ಇದಕ್ಕಿಂತ ನಮ್ಮೂರಿಂದು ಇನ್ನೇನು ಬೇಕ್ರಿ ಸಾರ್?”

“ಭಾಷೆ ಬೇಕು.”

ಕೊನೆಗೆ ಅವರಿಗೆ ಒಪ್ಪಿಗೆಯಾದದ್ದು ತೊಂಬತ್ತಾರು ಪುಟದ ಒಂದು ಪುಸ್ತಕ. ಕೆಂಪಂಗಿ ತೊಟ್ಟ ಕ್ರಿಸ್ಮಸ್ ಅಜ್ಜ ಒಂದೇ ರಾತ್ರಿ ಊರೆಲ್ಲ ಸುತ್ತಿ, ಮನೆ ಮನೆಯ ಚಿಮಣಿ ಎಂಬ ಹೊಗೆಗೂಡಿನಿಂದ ಇಳಿದು ಉಡುಗೊರೆ ಇಡುವ ಕಥೆ. ಚಿತ್ರ ಮೂರೇ, ಅವೂ ಕಪ್ಪು ಬಿಳುಪು. ವಾಕ್ಯಗಳು ಒಂದೊಂದೂ ಗೂಡ್ಸ್ ರೈಲಿನಷ್ಟು ಉದ್ದ. ಇದು ಹತ್ತು ವರ್ಷದ ಮಕ್ಕಳಿಗೆ ಎಂದು ಕೈಸರ್ ಹೇಳಿದ್ದಕ್ಕೆ, “ನಮ್ಮ ಮಕ್ಕಳನ್ನು ಕೀಳಾಗಿ ಎಣಿಸಬೇಡಿ,” ಎಂದರು. ಗೌತಮಿ ಕುರುಗೋಡು ಬರುವವರೆಗೆ ಕಿಟಕಿಯ ಕಡೆಗೆ ಮುಖ ತಿರುಗಿಸಿ ಕೂತಿದ್ದಳು. ಮಗಳು ಹೊಲಗದ್ದೆ ನೋಡಿ ಪ್ರಕೃತಿ ಅಧ್ಯಯನ ಮಾಡುತ್ತಿದ್ದಾಳೆಂದು ಮೇಷ್ಟ್ರು ತಿಳಿದರು.

ಮನೆಗೆ ಬಂದವರು ನಾಲ್ಕು ಸಂಜೆ ಕೆಂಪು ಪೆನ್ನು ಹಿಡಿದು ಆ ಕಥೆಗೆ ನೇಟಿವಿಟಿ ತುಂಬಿಸಿದರು. ಹಿಮಸಾರಂಗ ಜಿಂಕೆಯಾಯಿತು. ಆಕಾಶದಿಂದ ಉದುರುವ ಹಿಮ ಸಿರುಗುಪ್ಪದ ರೈಸ್‌ಮಿಲ್ಲಿನ ತೌಡಾಯಿತು. ಕ್ರಿಸ್ಮಸ್ ಮರ ಜಾಲಿ ಗಿಡವಾಯಿತು. ಎಲ್ಲ ಸರಾಗವಾಗಿ ಸಾಗಿ, ಚಿಮಣಿಯ ಹತ್ತಿರ ಬಂದು ನಿಂತಿತು.

“ಚಿಮಣಿ ಅಂದ್ರ ನಮ್ಮ ಮಂದಿಗೆ ಸೀಮೆಎಣ್ಣಿ ಬುಡ್ಡಿ,” ಎಂದು ಅವರು ತಲೆ ಕೆರೆದುಕೊಂಡರು. “ಅಜ್ಜ ಬುಡ್ಡ್ಯಾಗ ಇಳಿದ ಅಂದ್ರ ಮಕ್ಕಳು ನಗತಾವ.”

“ನಗಲಿ ಬಿಡ್ರಿ. ಮಕ್ಕಳು ನಕ್ಕರ ಪೊಲೀಸರು ಬರ್ತಾರೇನು?” ಎಂದಳು ರಶ್ಮಿ, ಗೌತಮಿಯ ಜಡೆ ಹೆಣೆಯುತ್ತ.

ಮೇಷ್ಟ್ರಿಗೆ ಆಗ ಹೊಳೆಯಿತು. ಇಲ್ಲಿನ ಮಕ್ಕಳೆಲ್ಲ ನೋಡಿರುವ ಒಂದು ಹೊಗೆಗೂಡು ಇದೆಯಲ್ಲ. ಕುಡತಿನಿಯ ವಿದ್ಯುತ್ ಸ್ಥಾವರದ್ದು. ರಸ್ತೆಯಲ್ಲಿ ಹೋಗುವಾಗ ಎಷ್ಟೋ ದೂರದಿಂದ ಕಾಣುತ್ತದೆ. ಕ್ರಿಸ್ಮಸ್ ಅಜ್ಜ ಅದರಲ್ಲಿ ಇಳಿಯಲಿ. ಈ ಹೊಳಹಿಗೆ ಅವರೇ ಬೆರಗಾಗಿ, ಎದ್ದು ನಿಂತು, ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಂಡರು.

ಓದುವ ದಿನ ಬಂತು. ಇಸ್ತ್ರಿ ಮಾಡಿದ ಜುಬ್ಬ ತೊಟ್ಟು ಮೇಷ್ಟ್ರು ತರಗತಿಗೆ ಹೋದರು. ಜಮಖಾನದ ಮೇಲೆ ಇಪ್ಪತ್ತೆಂಟು ಮಕ್ಕಳು. ಬಾಗಿಲ ಬಳಿ, ಮೂಗು ಒರೆಸಲು ಸೆರಗಿನ ತುದಿ ಸಿದ್ಧವಾಗಿ ಹಿಡಿದ ಆಯಾ ಲಾಲಬೀ. ಮೇಷ್ಟ್ರು ಮೊದಲ ವಾಕ್ಯ ಓದಿದರು. ಅದು ಮುಗಿಯುವಷ್ಟರಲ್ಲಿ ಇಬ್ಬರು ನೀರು ಕುಡಿದು ಬಂದರು, ಒಬ್ಬಳು ನಿದ್ದೆಹೋದಳು. ಕಥೆಯಲ್ಲಿ ತೌಡು ಉದುರಿತು. ಜಾಲಿ ಗಿಡಕ್ಕೆ ದೀಪ ಹತ್ತಿತು. ಮುಳ್ಳು ಚುಚ್ಚಲ್ಲೇನು ಎಂದು ಒಬ್ಬ ಕೇಳಿದ, ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. ಆಮೇಲೆ ದನಿ ಎತ್ತರಿಸಿ, “ಆಗ ಕ್ರಿಸ್ಮಸ್ ಅಜ್ಜ ಕುಡತಿನಿಯ ಆ ಗಗನಚುಂಬಿ ಹೊಗೆಗೂಡಿನೊಳಗೆ ಧುಮುಕಿದನು,” ಎಂದು ಓದಿ, ಚಪ್ಪಾಳೆಗಾಗಿ ಒಂದು ಕ್ಷಣ ತಡೆದರು.

ಮುಂದಿನ ಸಾಲಿನಲ್ಲಿದ್ದ ಹುಮೇರಾ ಎಂಬ ಹುಡುಗಿ ಕೈ ಎತ್ತಿದಳು. “ಸಾರ್, ನಮ್ಮಪ್ಪ ಅಲ್ಲೇ ಕೆಲಸ ಮಾಡ್ತಾನ. ಅದರ ಕೆಳಗ ಬೆಂಕಿ ಇರ್ತೈತಿ.”

“ಇರುತ್ತದೆ. ಜಾಣೆ.”

“ಭಾಳ ಬೆಂಕಿ.”

ಅಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. ಆದರೆ ಮೇಷ್ಟ್ರು ಅರ್ಧ ಜ್ಞಾನವನ್ನು ಸಹಿಸುವವರಲ್ಲ. ಕಲ್ಲಿದ್ದಲು ಹೇಗೆ ಉರಿಯುತ್ತದೆ, ಆ ಕುಲುಮೆಯ ಶಾಖಕ್ಕೆ ಕಬ್ಬಿಣವೂ ಹೇಗೆ ಕೆಂಪಾಗುತ್ತದೆ ಎಂದು ಕೈ ಬೀಸಿ ವಿವರಿಸಿದರು. ತರಗತಿ ಸ್ತಬ್ಧವಾಯಿತು. ಇಪ್ಪತ್ತು ವರ್ಷದ ವೃತ್ತಿಯಲ್ಲಿ ಇಂಥ ಏಕಾಗ್ರತೆಯನ್ನು ಅವರು ಕಂಡಿರಲಿಲ್ಲ.

“ಹಂಗಾರ ಅಜ್ಜ ಸುಟ್ಟು ಹೋದ್ನಾ?” ಎಂದಳು ಹುಮೇರಾ.

ಮೇಷ್ಟ್ರು ಬಾಯಿ ತೆರೆದರು. ಪುಸ್ತಕ ನೋಡಿದರು. ಅದರಲ್ಲಿ ಇದಕ್ಕೆ ಉತ್ತರವಿರಲಿಲ್ಲ. “ಇಲ್ಲ, ಅವನು ಬೆಂಕಿ ತಗಲದ ಕೋಟು ಹಾಕಿರುತ್ತಾನೆ.”

“ಜಿಂಕಿಗೆ?”

ಜಿಂಕೆಯ ಕೋಟಿನ ಬಗ್ಗೆ ಮೇಷ್ಟ್ರು ಯೋಚಿಸಿರಲಿಲ್ಲ. ಅವರು ಯೋಚಿಸುತ್ತಿರುವುದನ್ನು ನೋಡಿಯೇ ಮೊದಲನೆಯ ಮಗು ಅತ್ತಿತು. ಅದನ್ನು ನೋಡಿ ಇನ್ನೊಂದು. ಅಳು ಸಾಲಿನಿಂದ ಸಾಲಿಗೆ ದಾಟಿ ಗೋಡೆಗೆ ಮುಟ್ಟಿ ವಾಪಸು ಬಂತು. ನಿದ್ದೆಹೋಗಿದ್ದವಳು ಎದ್ದು, ಕಾರಣ ಕೇಳದೆ, ಎಲ್ಲರಿಗಿಂತ ಜೋರಾಗಿ ಅತ್ತಳು. ಮೇಷ್ಟ್ರ ವೇದಿಕೆಯ ಭಾಷೆ ಕೈಕೊಟ್ಟು ಮನೆಯ ಭಾಷೆ ಬಾಯಿಗೆ ಬಂತು.

“ಏ, ಅಳಬ್ಯಾಡ್ರಿ. ಇದು ಬರೇ ಕಥಿ. ಅಜ್ಜ ಇಲ್ಲ. ಅಜ್ಜ ಇಲ್ಲೇ ಇಲ್ಲ.”

ಅಂಥವನು ಯಾರೂ ಇಲ್ಲ, ಎಲ್ಲ ಕಲ್ಪನೆ ಎಂಬುದು ಅವರ ಅರ್ಥ. ಆದರೆ ನಮ್ಮಲ್ಲಿ ಅಜ್ಜ ಇಲ್ಲ ಎಂದರೆ ಏನೆಂದು ಐದು ವರ್ಷದ ಮಕ್ಕಳಿಗೂ ಗೊತ್ತು. ಗೌತಮಿ ಎದ್ದು ನಿಂತಳು. ಕೆನ್ನೆ ಒದ್ದೆಯಾಗಿತ್ತು. ಎಲ್ಲರ ಎದುರಿಗೆ ಕೇಳಿದಳು. “ಅಪ್ಪಾ, ಅಜ್ಜನ್ನ ನೀನೇ ಯಾಕ ಒಳಗ ಹಾಕಿದಿ?”

ಬೇರೆ ಯಾರು ಏನು ಕೇಳಿದ್ದರೂ ಮೇಷ್ಟ್ರು ಒಂದು ಚುಚ್ಚುಮಾತು ಎಸೆದು ಪಾರಾಗುತ್ತಿದ್ದರು. ಮಗಳ ಆ ಮುಖಕ್ಕೆ ಎಸೆಯುವಂಥದ್ದು ಏನೂ ಸಿಗಲಿಲ್ಲ. ಪಕ್ಕದ ಎಲ್‌ಕೆಜಿಯಲ್ಲೂ ಆಗಲೇ ಅಳು ಶುರುವಾಗಿತ್ತು. ಸಿಸ್ಟರ್ ಲೂರ್ದು ಆಫೀಸಿನಿಂದ ಓಡಿ ಬರುತ್ತಿದ್ದರು.

ಅವರಿಗಿಂತ ಮೊದಲು ಬಂದವನು ಮೂಕಪ್ಪ. ಶಾಲೆಯ ವ್ಯಾನಿನ ಡ್ರೈವರ್. ಅವನಿಗೆ ಕ್ರಿಸ್ಮಸ್ ಅಜ್ಜನ ವೇಷ ಹಾಕಿ, ಗಂಟೆ ಬಾರಿಸಿದ ಮೇಲೆ ಚಾಕಲೇಟು ಹಿಡಿದು ಬಾ ಎಂದು ವ್ಯಾನಿನ ಹಿಂದೆ ನಿಲ್ಲಿಸಿದ್ದರು. ಅಳು ಕೇಳಿ ಗಾಬರಿಯಾಗಿ, ಹತ್ತಿಯ ಬಿಳಿ ಗಡ್ಡ ಕುತ್ತಿಗೆಯವರೆಗೆ ಇಳಿದಿದ್ದರೂ ಲೆಕ್ಕಿಸದೆ ಒಳಗೆ ನುಗ್ಗಿದ.

ಲಾಲಬೀ ಅವನ ಗಡ್ಡವನ್ನು ಸರಕ್ಕನೆ ಮೇಲೆಳೆದು ಕೂರಿಸಿದಳು. “ಯಾಕ ಅಳ್ತೀರಿ? ಬಂದಾನ ನೋಡ್ರಿ ನಿಮ್ಮ ಅಜ್ಜ. ಮುಟ್ಟಿ ನೋಡ್ರಿ, ಎಲ್ಲೆರ ಸುಟ್ಟೈತೇನು.”

ಹುಮೇರಾ ಹತ್ತಿರ ಹೋದಳು. ಕೋಟು ಮುಟ್ಟಿದಳು. ಮೂಗು ತಾಗಿಸಿದಳು. ತರಗತಿಯ ಅಳು ಅವಳ ತೀರ್ಪಿಗಾಗಿ ಅಲ್ಲಲ್ಲೇ ನಿಂತಿತು.

“ಹೊಗಿ ವಾಸನಿ ಬರಾಕತ್ತೈತಿ,” ಎಂದಳು. “ಅಜ್ಜ ಚಿಮಣ್ಯಾಗಿಂದನ ಬಂದಾನ.”

ಇಪ್ಪತ್ತೆಂಟು ಮಕ್ಕಳು ಮೂಕಪ್ಪನಿಗೆ ಮುತ್ತಿಗೆ ಹಾಕಿ ಮೂಸಿದರು. ಹೌದು, ಹೊಗೆ. ಸಂಶಯವೇ ಇಲ್ಲ. ಒಳಗ ಬಿಸಿ ಇತ್ತಾ ಅಜ್ಜಾ ಎಂದು ಗೌತಮಿ ಕೇಳಿದಳು. ಮೂಕಪ್ಪ ದಿಕ್ಕು ತಪ್ಪಿ ಲಾಲಬೀಯ ಮುಖ ನೋಡಿದ.

“ಇತ್ತು ಅಂತ ಹೇಳೋ,” ಎಂದಳು ಲಾಲಬೀ ಮೆಲ್ಲಗೆ.

“ಇತ್ತವ್ವಾ. ಭಾಳ ಇತ್ತು.”

ಬಾಗಿಲಲ್ಲಿ ನಿಂತ ಸಿಸ್ಟರ್ ಲೂರ್ದು ಕೂಡ ಗಾಳಿ ಮೂಸಿದರು. ಶಾಲೆಯ ಆವರಣದಲ್ಲಿ ಬೀಡಿ ಸೇದಬಾರದೆಂದು ಮೂಕಪ್ಪನಿಗೆ ಆ ವರ್ಷ ಮೂರು ಸಲ ಎಚ್ಚರಿಕೆ ಕೊಟ್ಟಿದ್ದರು. ಆದರೆ ಮಕ್ಕಳು ನಗುತ್ತಿದ್ದವು. ಅವರೂ ನಗುತ್ತಲೇ ಕೇಳಿದರು. “ಎಷ್ಟು ಚಿಮಣ್ಯಾಗ ಇಳಿದು ಬಂದ್ರಿ ಅಜ್ಜಾ?”

ಮೂಕಪ್ಪ ತಲೆ ತಗ್ಗಿಸಿದ. “ಎಲ್ಡ ಎಲ್ಡು ಸಿಸ್ಟರ್.”

ತೊಂಬತ್ತಾರು ಪುಟದ ಪುಸ್ತಕ ಹಿಡಿದು ಮೂಲೆಯಲ್ಲಿ ನಿಂತಿದ್ದ ಮೇಷ್ಟ್ರ ಕಡೆಗೆ ಯಾರೂ ನೋಡಲಿಲ್ಲ. ಮಗಳು ಚಾಕಲೇಟಿನ ಕಾಗದ ಬಿಚ್ಚುತ್ತ ಅವರ ಪಕ್ಕದಲ್ಲೇ ಹಾದು ಹೋದಳು.

ಮಕ್ಕಳನ್ನು ಮನೆಗೆ ಕಳಿಸಿದ ಮೇಲೆ ಸಿಸ್ಟರ್ ಅವರನ್ನು ಆಫೀಸಿಗೆ ಕರೆದು ಚಹಾ ತರಿಸಿದರು. ಮೇಷ್ಟ್ರು ಕಪ್ಪು ಮುಟ್ಟಲಿಲ್ಲ. “ತಪ್ಪಾತ್ರಿ ಸಿಸ್ಟರ್,” ಎಂದರು. ಈ ಮಾತನ್ನು ಅವರ ಬಾಯಿಂದ ರಶ್ಮಿ ಕೂಡ ಅವತ್ತಿನವರೆಗೆ ಕೇಳಿರಲಿಲ್ಲ.

“ಇರ್ಲಿ ಬಿಡ್ರಿ. ಮುಂದಿನ ವರ್ಷದ್ದು ಒಂದು ವಿಚಾರ ಐತಿ. ಮೂಕಪ್ಪನ್ನ ಇನ್ನ ಅಜ್ಜನ್ನ ಮಾಡಂಗಿಲ್ಲ. ನೀವು ಆಗ್ತೀರೇನ್ರಿ?”

ಮೇಷ್ಟ್ರ ಕುಗ್ಗಿದ ಎದೆ ನಿಧಾನವಾಗಿ ಜುಬ್ಬದ ತುಂಬ ಹರಡಿತು. ಕೊನೆಗೂ ಗುಣ ಬಲ್ಲವರೊಬ್ಬರು ಸಿಕ್ಕರು. ಚಹಾ ಕೈಗೆತ್ತಿಕೊಂಡು ಗಂಟಲು ಸರಿಮಾಡಿಕೊಂಡರು. “ಖಂಡಿತ ಆಗುತ್ತೇನೆ. ಇಪ್ಪತ್ತು ವರ್ಷ ಮಾತಾಡಿ ಪಳಗಿದ ಕಂಠವಿದು. ಅಜ್ಜನ ಮಾತುಗಳನ್ನೂ ನಾನೇ ಬರೆದುಕೊಳ್ಳುತ್ತೇನೆ.”

“ಮಾತು ಬ್ಯಾಡ್ರಿ ಸಾರ್,” ಎಂದರು ಸಿಸ್ಟರ್ ಲೂರ್ದು ಸಮಾಧಾನವಾಗಿ. “ಅದಕ್ಕ ಅಜ್ಜನ ವೇಷ ಕೊಡಾಕತ್ತೀವಿ. ಬಾಯಿ ತುಂಬ ಹತ್ತಿ ಅಂಟಿಸಿರ್ತೀವಿ.”